ಅಣ್ಣಾಸಾಹೇಬ ಕಿರ್ಲೋಸ್ಕರ್

ಚಲನಚಿತ್ರದಲ್ಲಿ ನಾಯಕನಾಗಲಿ ನಾಯಿಕೆಯಾಗಲಿ ಮಾತಿನ ನಡುವೆ ಹಾಡತೊಡಗಿದರೆ ನಮಗೆ ಅದು ಅಸಹಜವೆನಿಸುವುದಿಲ್ಲ. ಈ ರೂಢಿ ಚಿತ್ರರಂಗಕ್ಕೆ ಬಂದದ್ದು ರಂಗಭೂಮಿಯಿಂದ. ಹಳೆಯ ಕೃತಿಯೊಂದನ್ನು ಹೊಸ ರೂಪಕ್ಕೆ ಅಳವಡಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಮಾರ್ಪಡಿಸಬೇಕು ಎಂಬುದನ್ನು ತಮ್ಮ ನಾಟಕಗಳಿಂದಲೇ ತೋರಿಸಿಕೊಟ್ಟವರು ಅಣ್ಣಾಸಾಹೇಬ ಕಿರ್ಲೋಸ್ಕರರು. ಮರಾಠಿ ಸಂಗೀತ ನಾಟಕದ ಪಿತಾಮಹರೆಂದು ಕೀರ್ತಿವೆತ್ತ ಅವರು ಜನಿಸಿದ್ದು ಕನ್ನಡ ನೆಲದಲ್ಲಿ.

ಬೆಳಗಾವಿ ಜಿಲ್ಲೆಯ ಸವದತ್ತಿಯ ಬಳಿಯಿರುವ ಗುರ್ಲಹೊಸೂರು ಅವರ ಹುಟ್ಟೂರು. ಜನನ 1843ರ ಮಾರ್ಚ್ 31ರಂದು. ಪೂರ್ಣ ಹೆಸರು ಬಲವಂತ ಪಾಂಡುರಂಗ ಕಿರ್ಲೋಸ್ಕರ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಆ ಸೀಮೆ ಜಾತ್ರೆ, ಭಜನೆ, ಬಯಲಾಟಗಳ ಬೀಡು. ಬಾಲ್ಯದಲ್ಲಿ ಮನೆಯಲ್ಲಿಯೇ ಕನ್ನಡ, ಮರಾಠಿಗಳೆರಡನ್ನೂ ಕಲಿತ ಅವರು ಮುಂದೆ ಧಾರವಾಡ, ಕೊಲ್ಲಾಪುರಗಳಲ್ಲಿ ಓದಿ, 1863ರಲ್ಲಿ ಪುಣೆಗೆ ತೆರಳಿದರು. ಆದರೆ ಅವರ ಚಿತ್ತ ಪುಸ್ತಕಕ್ಕಿಂತ ರಂಗದ ಮೇಲೆಯೇ ನೆಟ್ಟಿತ್ತು. ನಾಟಕ ಮಂಡಳಿಗಳಿಗೆ ಪದಗಳನ್ನು ರಚಿಸಿಕೊಡುತ್ತ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಿದರು. 1866ರಲ್ಲಿ ಗೆಳೆಯರೊಡನೆ ಕಟ್ಟಿದ ಮಂಡಳಿಯೂ ಬಹುಕಾಲ ಬಾಳಲಿಲ್ಲ. ಜೀವನೋಪಾಯಕ್ಕಾಗಿ ಬೆಳಗಾವಿಯಲ್ಲಿ ಶಿಕ್ಷಕರಾದರು. ಬಳಿಕ ಸರ್ಕಾರಿ ಕಚೇರಿಯ ನೌಕರಿ ಹಿಡಿದರು. ಆದರೂ ನಾಟಕದ ಹಂಬಲ ಅವರನ್ನು ಬಿಡಲಿಲ್ಲ.

1880ರಲ್ಲಿ ಪುಣೆಯಲ್ಲಿ ಪಾರಸಿ ಮಂಡಳಿಯೊಂದು ಆಡಿದ ‘ಇಂದ್ರಸಭಾ’ ಎಂಬ ಗೀತಪ್ರಧಾನ ನಾಟಕವನ್ನು ಅವರು ಕಂಡರು. ಅಂತಹುದೊಂದು ನಾಟಕ ಮರಾಠಿಯಲ್ಲಿಯೂ ಏಕೆ ಆಗಬಾರದೆಂಬ ಆಲೋಚನೆ ಅವರಲ್ಲಿ ಮೊಳೆಯಿತು. ಅದಕ್ಕೆ ಅವರು ಆರಿಸಿಕೊಂಡದ್ದು ಕಾಳಿದಾಸನ ಶಾಕುಂತಲವನ್ನು. ಅದಾಗಲೇ ಚುರಮುರಿ ಶೇಷಗಿರಿರಾಯರು ಆ ನಾಟಕವನ್ನು ಕನ್ನಡಕ್ಕೆ ತಂದಿದ್ದರು. ಕಿರ್ಲೋಸ್ಕರರಿಗೆ ಅದೂ ಪ್ರೇರಣೆಯಾಯಿತೆಂದು ಕನ್ನಡ ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಅಂದಿನ ಮರಾಠಿ ಪೌರಾಣಿಕ ಆಟಗಳಲ್ಲಿ ಹಾಡುವ ಭಾರವೆಲ್ಲ ಸೂತ್ರಧಾರನದು. ನಟರು ತಮಗೆ ತೋಚಿದ ಮಾತುಗಳನ್ನಾಡುತ್ತಿದ್ದರು. ಕಿರ್ಲೋಸ್ಕರರು ಈ ಪದ್ಧತಿಯನ್ನು ಬದಲಿಸಿದರು. ಕಾಳಿದಾಸನ ಕಥೆಯನ್ನು ಉಳಿಸಿಕೊಂಡು, ಶ್ಲೋಕಗಳ ಭಾವವನ್ನು ಪದಗಳಿಗಿಳಿಸಿ, ಅವನ್ನು ಆಯಾ ಪಾತ್ರಗಳ ಬಾಯಲ್ಲಿಯೇ ಹಾಡಿಸಿದರು. ಹಿಂದೂಸ್ತಾನಿ ರಾಗಗಳು, ಮರಾಠಿಯ ಸಾಕಿ, ದಿಂಡಿಗಳ ಜೊತೆಗೆ ಕನ್ನಡದ ಮಟ್ಟುಗಳೂ ಅಲ್ಲಿ ಬೆರೆತವು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅದರ ಮೊದಲ ನಾಲ್ಕು ಅಂಕಗಳು ಪ್ರದರ್ಶನಗೊಂಡವು. ಸ್ವತಃ ಕಿರ್ಲೋಸ್ಕರರೇ ಸೂತ್ರಧಾರರಾಗಿದ್ದರು. ಜನ ಮುಗಿಬಿದ್ದು ನೋಡಿದರು.

1882ರಲ್ಲಿ ರಂಗಕ್ಕೆ ಬಂದ ‘ಸೌಭದ್ರ’ ಅವರ ಪ್ರತಿಭೆಯ ಶಿಖರ. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆಂಬುದು ಬಲರಾಮನ ಹಟ. ಅರ್ಜುನನಿಗೆ ಕೊಡಿಸಬೇಕೆಂಬುದು ಕೃಷ್ಣನ ಹಂಚಿಕೆ. ಅರ್ಜುನ ಕಪಟ ಸನ್ಯಾಸಿಯಾಗುತ್ತಾನೆ. ಮಹಾಭಾರತದ ಈ ಪ್ರಸಂಗವನ್ನು ಅವರು ನಮ್ಮ ನಿಮ್ಮ ಮನೆಯ ಮದುವೆಯ ಗೊಂದಲವೆಂಬಂತೆ ಚಿತ್ರಿಸಿ, ತಿಳಿಹಾಸ್ಯದ ಸುಖಾಂತ ನಾಟಕವನ್ನಾಗಿಸಿದರು. ಒಂದು ಶತಮಾನ ಕಳೆದರೂ ಅದರ ಆಕರ್ಷಣೆ ಮಾಸಲಿಲ್ಲ.

ಮೂರನೆಯ ಸಂಗೀತ ನಾಟಕ ‘ರಾಮರಾಜ್ಯವಿಯೋಗ’ ಪೂರ್ಣಗೊಳ್ಳುವ ಮೊದಲೇ, 1885ರ ನವೆಂಬರ್ 2ರಂದು, ಕೇವಲ ನಲವತ್ತೆರಡನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಆದರೆ ಅವರು ಕಟ್ಟಿದ ಮಂಡಳಿ ಅಳಿಯಲಿಲ್ಲ. ಬಾಲಗಂಧರ್ವರಂತಹ ಗಾಯಕ ನಟರು ಅಲ್ಲಿ ಬೆಳಗಿದರು. 1911ರಲ್ಲಿ ಆ ಮಂಡಳಿಯ ‘ಮಾನಾಪಮಾನ’ ನಾಟಕಕ್ಕೆ ಸಂಗೀತ ನೀಡಿದ ಗೋವಿಂದರಾವ್ ಟೇಂಬೆಯವರು 1932ರಲ್ಲಿ ‘ಅಯೋಧ್ಯೇಚಾ ರಾಜಾ’ ಎಂಬ ಮರಾಠಿ ವಾಕ್ಚಿತ್ರದಲ್ಲಿ ಹರಿಶ್ಚಂದ್ರನಾಗಿ ಹಾಡಿದರು. ಕಿರ್ಲೋಸ್ಕರರಿಗೆ ಸ್ಫೂರ್ತಿಯಿತ್ತ ‘ಇಂದ್ರಸಭಾ’ ನಾಟಕವೂ ಅದೇ ವರ್ಷ ಸುಮಾರು ಎಪ್ಪತ್ತು ಹಾಡುಗಳ ಚಲನಚಿತ್ರವಾಯಿತು. 1943ರಲ್ಲಿ ವಿ. ಶಾಂತಾರಾಮರು ಶಕುಂತಲೆಯನ್ನು ಬೆಳ್ಳಿತೆರೆಗೆ ತಂದರು.

ಮಾಧ್ಯಮಗಳು ಬದಲಾಗುತ್ತವೆ, ಕಥೆಯ ಜೀವಾಳವನ್ನು ಅರಿತವರು ಅದನ್ನು ಯಾವ ಮಾಧ್ಯಮದಲ್ಲಿಯೂ ಬಾಳಿಸಬಲ್ಲರು. ಗುರ್ಲಹೊಸೂರಿನ ಈ ಕಲಾವಿದರು ಮಹಾಕವಿಯ ಕೃತಿಯನ್ನು ಕೆಡಿಸದೆ, ಹಾಗೆಯೇ ನಕಲು ಮಾಡದೆ, ತಮ್ಮ ಕಾಲದ ಜನರಿಗೆ ಒಪ್ಪುವಂತೆ ಹೊಸದಾಗಿ ಕಟ್ಟಿಕೊಟ್ಟರು. ಎರಡು ಭಾಷೆಗಳ ಸಂಗಮದಲ್ಲಿ ಬೆಳೆದ ಅವರ ಬದುಕು ಗಡಿನಾಡಿಗೊಂದು ಹೆಮ್ಮೆ.