ಸೊಳ್ಳೆಯ ಹೆಸರೇ ಗೊತ್ತಿಲ್ಲದೆ ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್

ಆಗಸ್ಟ್ 20 ವಿಶ್ವ ಸೊಳ್ಳೆ ದಿನ. ಆ ದಿನ ಮೊಬೈಲಿನಿಂದ ಮೊಬೈಲಿಗೆ ಓಡುವ ಸಂದೇಶಗಳಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನ ಕಥೆ ಇರುತ್ತದೆ: 1897ರಲ್ಲಿ ಸಿಕಂದರಾಬಾದಿನಲ್ಲಿ ಸರ್ ರೊನಾಲ್ಡ್ ರಾಸ್ ಅವರು ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತದೆ ಎಂದು ಕಂಡುಹಿಡಿದರು.

ದಿನ ಸರಿ, ಊರು ಸರಿ, ಹೆಸರೂ ಸರಿ. ಆದರೆ ಕಥೆ ಅರ್ಧ ಮಾತ್ರ. ಆ ದಿನ ಅವರಿಗೆ ಸೊಳ್ಳೆಯ ಕಡಿತದಿಂದ ಮಲೇರಿಯಾ ಹರಡುತ್ತದೆ ಎಂಬುದು ಇನ್ನೂ ಖಚಿತವಾಗಿರಲಿಲ್ಲ. ಕೈಯಲ್ಲಿದ್ದ ಸೊಳ್ಳೆಯ ಶಾಸ್ತ್ರೀಯ ಹೆಸರೂ ಗೊತ್ತಿರಲಿಲ್ಲ. ತಮಗೆ ಏನು ಗೊತ್ತಿಲ್ಲ ಎಂಬುದನ್ನು ಮುಚ್ಚಿಡದೆ ಕೆಲಸ ಮಾಡಿದ್ದೇ ಅವರನ್ನು ಮುಂದಕ್ಕೆ ಕರೆದೊಯ್ದಿತು. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಆ ಅರ್ಧ ಕಥೆ ಇಲ್ಲಿದೆ.

ಇಷ್ಟವಿಲ್ಲದೆ ಡಾಕ್ಟರಾದವರು

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೈನ್ಯಾಧಿಕಾರಿ. ಎಂಟನೇ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆ, ಚಿತ್ರಕಲೆಗಳ ಹುಚ್ಚು. ತಂದೆಗೆ ಮಗ ಡಾಕ್ಟರಾಗಬೇಕು. ಕೊನೆಗೆ ಗೆದ್ದದ್ದು ತಂದೆ. ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ರಾಸ್ ಭಾರತಕ್ಕೆ ಮರಳಿದರು.

1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿದ್ದರು. ವಾಸಕ್ಕೆ ಕೊಟ್ಟ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿ ನೋಡಿದರೆ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಮಿಸುಕಾಡುತ್ತಿದ್ದವು. ತೊಟ್ಟಿಯ ನೀರು ಚೆಲ್ಲಿಸಿದ ಮೇಲೆ ಕಾಟ ಕಡಿಮೆಯಾಯಿತು. ಆದರೆ ಈ ಸೊಳ್ಳೆಗೂ ಊರಿನ ಜ್ವರಕ್ಕೂ ಸಂಬಂಧ ಇರಬಹುದೆಂದು ಆಗ ಅವರಿಗೆ ಹೊಳೆಯಲಿಲ್ಲ.

ಅದು ದಡ್ಡತನವಲ್ಲ. ಜೌಗು ಜಾಗದಿಂದ ಏಳುವ ಕೆಟ್ಟ ಗಾಳಿಯೇ ಈ ಜ್ವರಕ್ಕೆ ಕಾರಣ ಎಂಬುದು ಅಂದಿನ ವೈದ್ಯರ ಹಳೆಯ ನಂಬಿಕೆ. ಮಲೇರಿಯಾ ಎಂಬ ಹೆಸರೇ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂಬ ಅರ್ಥದ್ದು. ಜೌಗಿನ ಹತ್ತಿರ ಇರುವವರಿಗೆ ಜ್ವರ ಹೆಚ್ಚು ಎಂದು ಜನ ಗಮನಿಸಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಕಾರಣ ಹೇಳುವಾಗ. ಜೌಗಿನಿಂದ ಬರುತ್ತಿದ್ದದ್ದು ವಿಷಗಾಳಿಯಲ್ಲ, ಸೊಳ್ಳೆ.

ತನಗೆ ಕಾಣಲಿಲ್ಲ, ಆದ್ದರಿಂದ ಇಲ್ಲ!

1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಮಲೇರಿಯಾ ರೋಗಿಯ ರಕ್ತದಲ್ಲಿ ಸೂಕ್ಷ್ಮ ಪರಾವಲಂಬಿ ಜೀವಿಯನ್ನು ಕಂಡಿದ್ದರು. ಭಾರತದಲ್ಲಿದ್ದ ರಾಸ್ ಕೂಡ ಹುಡುಕಿದರು, ಸಿಗಲಿಲ್ಲ. ಆಗ ಅವರು ಮಾಡಿದ್ದು ನಾವೆಲ್ಲ ಮಾಡುವ ತಪ್ಪನ್ನೇ. ತಮಗೆ ಕಾಣಲಿಲ್ಲವಾದ್ದರಿಂದ ಅಂಥ ಜೀವಿಯೇ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಮಲೇರಿಯಾ ಹೊಟ್ಟೆಯ ತೊಂದರೆಯಿಂದ ಬರುವ ಜ್ವರ ಎಂದು ವಾದಿಸಿ ಲೇಖನಗಳನ್ನೂ ಬರೆದರು.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರನ್ನು ಭೇಟಿಯಾದರು. ಮ್ಯಾನ್ಸನ್ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಆ ಜೀವಿಯನ್ನು ತೋರಿಸಿದರು. ಜೀವಿ ಇತ್ತು. ರಾಸ್‌ಗೆ ನೋಡುವ ಬಗೆ ಗೊತ್ತಿರಲಿಲ್ಲ, ಅಷ್ಟೇ. ಅಚ್ಚಾದ ಲೇಖನಗಳಲ್ಲಿ ಉಲ್ಟಾ ವಾದಿಸಿದ್ದ 37ರ ವಯಸ್ಸಿನ ವೈದ್ಯ ತನ್ನ ಅಭಿಪ್ರಾಯ ಬದಲಿಸಿಕೊಂಡು, ಹೊಸಬನಂತೆ ಕಲಿಯಲು ಕುಳಿತರು.

ಗುರುವಿಗೂ ಗೊತ್ತಿರಲಿಲ್ಲ

ಈ ಜೀವಿ ಮನುಷ್ಯನ ದೇಹದಿಂದ ಹೊರಬಂದ ಮೇಲೆ ಸೊಳ್ಳೆಯಲ್ಲಿ ಬದುಕುತ್ತಿರಬಹುದು ಎಂಬುದು ಮ್ಯಾನ್ಸನ್ ಊಹೆ. ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯುವುದನ್ನು ಅವರು ಮೊದಲೇ ಚೀನಾದಲ್ಲಿ ಕಂಡಿದ್ದರು. ಆದರೆ ಈ ಊಹೆಯಲ್ಲೂ ಒಂದು ತಪ್ಪಿತ್ತು. ಸೊಳ್ಳೆ ಒಮ್ಮೆ ರಕ್ತ ಹೀರಿ, ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ಆ ನೀರು ಕುಡಿದವರಿಗೆ ಮಲೇರಿಯಾ ಬರುತ್ತದೆ ಎಂದು ಅವರು ಭಾವಿಸಿದ್ದರು.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಇದನ್ನು ಪರೀಕ್ಷಿಸಲು ಸೊಳ್ಳೆ ಸತ್ತ ನೀರನ್ನು ಕೆಲವರಿಗೆ ಕುಡಿಸಿದರು. ಇಂದಿನ ನಿಯಮಗಳ ಪ್ರಕಾರ ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಮೊದಲು ಒಬ್ಬನಿಗೆ ಜ್ವರ ಬಂತು. ಗುರುವಿನ ಮಾತು ನಿಜವಾಯಿತು ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮತ್ತೆ ಪರೀಕ್ಷಿಸಿದಾಗ ಫಲಿತಾಂಶ ಹಾಗೆ ಬರಲಿಲ್ಲ. ಒಬ್ಬನಿಗೆ ಬಂದ ಜ್ವರವನ್ನು ರಾಸ್ ಪುರಾವೆಯಾಗಿ ಹಿಡಿದುಕೊಳ್ಳಲಿಲ್ಲ.

ಇನ್ನೊಂದು ಕೆಲಸ ಸೊಳ್ಳೆಗಳನ್ನು ಸೀಳಿ ನೋಡುವುದು. ಸೊಳ್ಳೆಗಳಲ್ಲಿ ಸಾವಿರಾರು ಜಾತಿಗಳಿವೆ. ಯಾವುದು ಯಾವುದೆಂದು ತಿಳಿಸುವ ಪುಸ್ತಕ ರಾಸ್ ಬಳಿ ಇರಲಿಲ್ಲ. ಹಾಗಾಗಿ ಕಂಡದ್ದನ್ನೇ ಹೆಸರಾಗಿಸಿದರು: ಒಂದು ಬೂದು ಸೊಳ್ಳೆ, ಒಂದು ಪಟ್ಟೆ ಸೊಳ್ಳೆ. ಇಂದಿನ ಲೆಕ್ಕದಲ್ಲಿ ಬೂದುಬಣ್ಣದ್ದು ಕ್ಯೂಲೆಕ್ಸ್, ಪಟ್ಟೆಯದು ಈಡಿಸ್. ಇವೆರಡೂ ಮನುಷ್ಯರ ಮಲೇರಿಯಾ ಹರಡುವುದಿಲ್ಲ. ಅಂದರೆ ರಾಸ್ ತಪ್ಪು ಸೊಳ್ಳೆಗಳಲ್ಲಿ ಹುಡುಕುತ್ತಿದ್ದರು, ಅದೂ ಎರಡು ವರ್ಷ.

ಈ ನಡುವೆ ಕಾಲರಾ ನಿಯಂತ್ರಣಕ್ಕೆಂದು ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಲಾಯಿತು. 1897ರಲ್ಲಿ ಊಟಿಯ ಬಳಿಯ ಸಿಗೂರ್ ಘಾಟ್‌ಗೆ ಮಲೇರಿಯಾ ಹುಡುಕಿಕೊಂಡು ಹೋದಾಗ ಅವರಿಗೇ ಮಲೇರಿಯಾ ತಗುಲಿತು.

ಎರಡು ವರ್ಷದ ಸೋಲಿನಿಂದ ಸೊಳ್ಳೆಗೂ ಮಲೇರಿಯಾಗೂ ಸಂಬಂಧವಿಲ್ಲ ಎಂದು ಘೋಷಿಸುವುದು ಸುಲಭವಿತ್ತು. ಮೂರು ವರ್ಷದ ಹಿಂದಿನ ರಾಸ್ ಹಾಗೇ ಮಾಡುತ್ತಿದ್ದರೇನೋ. ಈ ಬಾರಿ ಅವರು ತಮ್ಮ ಅರಿವಿನ ಗಡಿಯನ್ನು ಸರಿಯಾಗಿ ಗುರುತಿಸಿಕೊಂಡರು. ತಾವು ನೋಡಿದ ಜಾತಿಗಳಲ್ಲಿ ಪರಾವಲಂಬಿ ಬೆಳೆಯುತ್ತಿಲ್ಲ ಎಂದಷ್ಟೇ ಗೊತ್ತಾಗಿದೆ, ನೋಡದ ಜಾತಿಗಳ ಬಗ್ಗೆ ಏನೂ ಗೊತ್ತಾಗಿಲ್ಲ. ಹಾಗಾಗಿ ಬೇರೆ ಸೊಳ್ಳೆ ಹುಡುಕಬೇಕು.

ಆಗಸ್ಟ್ 20ರ ಸೊಳ್ಳೆ

1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಯಿದ್ದ ಕಂದು ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಸೊಳ್ಳೆಗೆ ಒಂದಾಣೆಯಂತೆ ಹಣ ಪಡೆದು, ಆಗಸ್ಟ್ 16ರಂದು ಅವುಗಳಿಗೆ ರಕ್ತ ಹೀರಲು ಬಿಟ್ಟ. ನಾಲ್ಕು ದಿನದ ನಂತರ ಉಳಿದಿದ್ದ ಸೊಳ್ಳೆಗಳಲ್ಲಿ ಒಂದನ್ನು ರಾಸ್ ಸೀಳಿದರು. ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು, ಅವುಗಳೊಳಗೆ ಕಪ್ಪು ಕಣಗಳು.

ಆ ಕಪ್ಪು ಕಣಗಳೇ ಸುಳಿವು. ಮಲೇರಿಯಾದ ಜೀವಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದಾಗ ಉಳಿಯುವ ಕಸ ಅದು. ರೋಗಿಯ ರಕ್ತದಲ್ಲಿ ಕಾಣುವಂಥದ್ದೇ ಕಣಗಳು ಸೊಳ್ಳೆಯ ಹೊಟ್ಟೆಯಲ್ಲೂ ಕಂಡವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಎಂದರೆ ಏನೋ ಬೆಳೆಯುತ್ತಿದೆ.

ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾದ ವರದಿಯಲ್ಲಿ ಅವರು ಹೇಳಿದ್ದು ಇಷ್ಟನ್ನೇ: ಎರಡು ಸೊಳ್ಳೆಗಳಲ್ಲಿ ಇಂಥ ಕೋಶಗಳು ಕಂಡಿವೆ. ಹೆಸರು ಗೊತ್ತಿಲ್ಲದ ಸೊಳ್ಳೆಯ ರೆಕ್ಕೆ, ಬಣ್ಣ, ಮೊಟ್ಟೆಗಳನ್ನು ವಿವರಿಸಿದರು. ಅದು ಅನಾಫಿಲಿಸ್ ಜಾತಿಯದು ಎಂಬುದು ಆಮೇಲೆ ಸ್ಪಷ್ಟವಾಯಿತು.

ಗುಬ್ಬಿ ಕೊಟ್ಟ ಉತ್ತರ

ಆದರೆ ಸೊಳ್ಳೆಯ ಹೊಟ್ಟೆಯಿಂದ ಜೀವಿ ಮತ್ತೆ ಮನುಷ್ಯನೊಳಗೆ ಹೋಗುವುದು ಹೇಗೆ? ಅಷ್ಟರಲ್ಲಿ ರಾಸ್‌ಗೆ ರಾಜಪುತಾನದ ಖೇರವಾರಾಕ್ಕೆ ವರ್ಗವಾಯಿತು. ನಂತರ 1898ರಲ್ಲಿ ಕಲ್ಕತ್ತಾ ತಲುಪಿದ ಅವರು ಗುಬ್ಬಿಗಳಿಗೆ ಬರುವ ಮಲೇರಿಯಾವನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಮಹಮ್ಮದ್ ಬಕ್ಸ್ ಎಂಬ ಸಹಾಯಕ ಸೊಳ್ಳೆ ಹಿಡಿದು ಸಾಕುತ್ತಿದ್ದ. ತಮಾಷೆಯೆಂದರೆ, ಹಕ್ಕಿಗಳ ಮಲೇರಿಯಾ ಹರಡುತ್ತಿದ್ದದ್ದು ಹಿಂದೆ ಸೋಲಿಸಿದ್ದ ಅದೇ ಬೂದು ಸೊಳ್ಳೆ!

ಜುಲೈನಲ್ಲಿ ರಾಸ್ ಆ ಜೀವಿಯನ್ನು ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಕಂಡರು. ಸೋಂಕಿದ ಸೊಳ್ಳೆ ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೆ ಮಲೇರಿಯಾ ಬಂತು. ಹರಡುವುದು ಕುಡಿಯುವ ನೀರಿನಿಂದಲ್ಲ, ಕಡಿತದಿಂದ. ಗುರುವಿನ ಊಹೆಯ ಅರ್ಧ ಉಳಿಯಿತು, ಇನ್ನರ್ಧ ಬಿತ್ತು.

ಮನುಷ್ಯರಲ್ಲಿ ಇದನ್ನು ಮೊದಲು ತೋರಿಸಿಕೊಟ್ಟವರು ರಾಸ್ ಅಲ್ಲ. 1898ರ ಕೊನೆಗೆ ಇಟಲಿಯ ಗ್ರಾಸ್ಸಿ, ಬಿಗ್ನಾಮಿ ಮತ್ತು ಬಾಸ್ಟಿಯಾನೆಲ್ಲಿ ಅನಾಫಿಲಿಸ್ ಕಡಿತದಿಂದ ಮನುಷ್ಯನಿಗೆ ಮಲೇರಿಯಾ ಬರುವುದನ್ನು ಸಾಬೀತು ಮಾಡಿದರು.

ಇಲ್ಲಿ ರಾಸ್ ಅವರ ಇನ್ನೊಂದು ಮುಖವೂ ಇದೆ. 1902ರಲ್ಲಿ ನೊಬೆಲ್ ಬಹುಮಾನ ಬಂದ ನಂತರವೂ ಶ್ರೇಯಸ್ಸಿಗಾಗಿ ಅವರು ಗ್ರಾಸ್ಸಿ ಜೊತೆ ವರ್ಷಗಟ್ಟಲೆ ಕಹಿಯಾಗಿ ಜಗಳವಾಡಿದರು. ಸೊಳ್ಳೆಯ ಮುಂದೆ ಇದ್ದ ವಿನಯ ಸಹಸಂಶೋಧಕರ ಮುಂದೆ ಇರಲಿಲ್ಲ. ಆದರೂ ಕಲಿಕೆ ನಿಲ್ಲಲಿಲ್ಲ. ಗಣಿತವನ್ನು ಬಳಸಿ, ಪ್ರತಿಯೊಂದು ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಸಂಖ್ಯೆಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಮಲೇರಿಯಾ ತಾನಾಗಿ ಇಳಿಯುತ್ತದೆ ಎಂದು ಅವರು ತೋರಿಸಿದರು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕಡಿತದ ನಂತರ ಈ ಜೀವಿ ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆ ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ. ಅದು ಗೊತ್ತಾದದ್ದು 1948ರಲ್ಲಿ.

ನಮಗೆ ಇದರಿಂದೇನು?

ಇಂದಿಗೂ ಅನೇಕ ಫಾರ್ವರ್ಡ್‌ಗಳು ಸೊಳ್ಳೆಗಳೆಲ್ಲ ಒಂದೇ ಎಂಬಂತೆ ಮಾತಾಡುತ್ತವೆ. ಮಲೇರಿಯಾ ಹರಡುವ ಅನಾಫಿಲಿಸ್ ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಡೆಂಗಿ ಹರಡುವ ಈಡಿಸ್ ಹೆಚ್ಚಾಗಿ ಹಗಲು ಕಚ್ಚುತ್ತದೆ, ಮನೆಯ ಡ್ರಮ್ಮು, ಬಕೆಟ್ಟು, ಹೂಕುಂಡದ ತಟ್ಟೆಯ ನೀರಿನಲ್ಲಿ ಬೆಳೆಯುತ್ತದೆ. ಹಾಗಾಗಿ ರಾತ್ರಿ ಸೊಳ್ಳೆಪರದೆ ಕಟ್ಟಿದರಷ್ಟೇ ಸಾಲದು, ನಿಂತ ನೀರನ್ನೂ ಚೆಲ್ಲಬೇಕು. ಜ್ವರ ಬಂದರೆ ಅದು ಯಾವ ಜ್ವರ ಎಂಬುದನ್ನು ನಾವು ಊಹಿಸುವುದಲ್ಲ, ರಕ್ತಪರೀಕ್ಷೆ ಹೇಳಬೇಕು.

ಒಬ್ಬರಿಗೆ ಜ್ವರ ಬಂದದ್ದನ್ನೋ ಒಬ್ಬರಿಗೆ ವಾಸಿಯಾದದ್ದನ್ನೋ ಪುರಾವೆಯೆಂದು ಹೇಳುವ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಸಿಕಂದರಾಬಾದಿನ ಆ ನೀರಿನ ಲೋಟ ನೆನಪಿಸಿಕೊಳ್ಳಿ. ರಾಸ್ ಅಲ್ಲಿಗೆ ನಿಂತಿದ್ದರೆ ನಾವು ಇನ್ನಷ್ಟು ಕಾಲ ಸೊಳ್ಳೆಗೆ ಕೈಯೊಡ್ಡಿಕೊಂಡು ನೀರು ಕಾಯಿಸುತ್ತಾ ಕೂತಿರುತ್ತಿದ್ದೆವು.