ರಾಬರ್ಟೊ ಕ್ಲೆಮೆಂಟೆ

ರಾಬರ್ಟೊ ಎನ್ರಿಕೆ ಕ್ಲೆಮೆಂಟೆ ವಾಕರ್ (ಆಗಸ್ಟ್ 18, 1934 – ಡಿಸೆಂಬರ್ 31, 1972) ಪೋರ್ಟೊ ರಿಕೊ ದ್ವೀಪದ ಸುಪ್ರಸಿದ್ಧ ಬೇಸ್‌ಬಾಲ್ ಆಟಗಾರರು. ಅಮೆರಿಕದ ಮೇಜರ್ ಲೀಗ್‌ನಲ್ಲಿ 1955ರಿಂದ 1972ರವರೆಗೆ 18 ಋತುಗಳ ಕಾಲ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪರವಾಗಿ ಬಲಬದಿಯ ಹೊರಾಂಗಣ ಕ್ಷೇತ್ರರಕ್ಷಕರಾಗಿ ಆಡಿದರು. ಸರಿಯಾಗಿ 3,000 ಹಿಟ್‌ಗಳನ್ನು ಗಳಿಸಿ, ನಾಲ್ಕು ಬಾರಿ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಸರಾಸರಿಯಲ್ಲಿ ಅಗ್ರಸ್ಥಾನ ಪಡೆದ ಇವರು, ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದ ಮೊದಲ ಲ್ಯಾಟಿನ್ ಅಮೆರಿಕನ್ ಆಟಗಾರರು. 19ನೆಯ ವಯಸ್ಸಿನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದೊಡನೆ ಇವರು ಮಾಡಿಕೊಂಡ ಒಪ್ಪಂದವೂ, ಒಂಬತ್ತೇ ತಿಂಗಳಲ್ಲಿ ಡ್ರಾಫ್ಟ್ ಎಂಬ ಆಯ್ಕೆ ಪದ್ಧತಿಯ ಮೂಲಕ ಇವರು ಪಿಟ್ಸ್‌ಬರ್ಗ್‌ನ ಪಾಲಾದುದೂ, ಆ ಕಾಲದ ಯುವ ಆಟಗಾರರ ಆಯ್ಕೆಯ ಸ್ವಾತಂತ್ರ್ಯ ಎಷ್ಟು ಸೀಮಿತವಾಗಿತ್ತೆಂಬುದಕ್ಕೆ ನಿದರ್ಶನವಾಗಿವೆ.

ಜನನ ಮತ್ತು ಬಾಲ್ಯ

ಕ್ಲೆಮೆಂಟೆ ಪೋರ್ಟೊ ರಿಕೊದ ಕ್ಯಾರೊಲಿನಾ ಪಟ್ಟಣದ ಸ್ಯಾನ್ ಆಂಟೊನ್ ಎಂಬಲ್ಲಿ ಜನಿಸಿದರು. ತಂದೆ ಮೆಲ್ಚೊರ್ ಕ್ಲೆಮೆಂಟೆ ಕಬ್ಬಿನ ತೋಟಗಳಲ್ಲಿ ಕೂಲಿಕಾರರ ಮೇಲ್ವಿಚಾರಕರಾಗಿದ್ದರು. ತಾಯಿ ಲೂಯಿಸಾ ವಾಕರ್. ಮನೆಯ ಮಕ್ಕಳಲ್ಲಿ ಇವರೇ ಕಿರಿಯರು. ಬಾಲ್ಯದಲ್ಲಿ ತಂದೆಗೆ ಕೆಲಸದಲ್ಲಿ ನೆರವಾಗುತ್ತಾ, ಬಿಡುವಿನ ವೇಳೆಯಲ್ಲಿ ನೆರೆಹೊರೆಯ ಮೈದಾನಗಳಲ್ಲಿ ಆಡುತ್ತಾ ಬೆಳೆದರು.

ಪ್ರೌಢಶಾಲೆಯ ದಿನಗಳಲ್ಲಿ ಭರ್ಜಿ ಎಸೆತದಲ್ಲಿಯೂ ಕ್ಲೆಮೆಂಟೆ ಹೆಸರು ಮಾಡಿದ್ದರು. ಮುಂದೆ ಹೊರಾಂಗಣದ ಮೂಲೆಯಿಂದ ಚೆಂಡನ್ನು ನೇರವಾಗಿ ಗುರಿಮುಟ್ಟಿಸುವ ಇವರ ತೋಳ್ಬಲ ಇಡೀ ಲೀಗಿನಲ್ಲಿ ಪ್ರಸಿದ್ಧವಾಯಿತು. ಇವರ ಪ್ರತಿಭೆಯನ್ನು ಮೊದಲು ಗುರುತಿಸಿದವರು ರಾಬರ್ಟೊ ಮರೀನ್ ಎಂಬ ಶಿಕ್ಷಕರು. ಅವರು ಕ್ಲೆಮೆಂಟೆಯನ್ನು ತಮ್ಮ ಸಾಫ್ಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡರು. ಬಳಿಕ ಕ್ಲೆಮೆಂಟೆ ಹುಂಕೋಸ್ ಊರಿನ ಹವ್ಯಾಸಿ ಬೇಸ್‌ಬಾಲ್ ತಂಡದಲ್ಲಿ ಆಡಿದರು.

ಮೊದಲ ಒಪ್ಪಂದ

1952ರ ಅಕ್ಟೋಬರ್‌ನಲ್ಲಿ, 18 ವರ್ಷದ ಕ್ಲೆಮೆಂಟೆ ಪೋರ್ಟೊ ರಿಕೊದ ಚಳಿಗಾಲದ ಲೀಗ್‌ನ ಸ್ಯಾಂಟುರ್ಸೆ ಕಾಂಗ್ರೆಹೆರೋಸ್ ತಂಡವನ್ನು ಸೇರಿದರು. ತಂಡದ ಮಾಲೀಕ ಪೆದ್ರಿನ್ ಸೊರ್ರಿಯಾ ಇವರಿಗೆ ನಿಗದಿಪಡಿಸಿದ ವಾರದ ಸಂಬಳ 40 ಡಾಲರ್. ಮೊದಲ ಋತುವಿನಲ್ಲಿ ಹೆಚ್ಚಿನ ಅವಕಾಶ ದೊರೆಯದಿದ್ದರೂ, ಅಮೆರಿಕದ ವೃತ್ತಿಪರ ಆಟಗಾರರೂ ಪಾಲ್ಗೊಳ್ಳುತ್ತಿದ್ದ ಈ ಲೀಗ್ ಇವರಿಗೆ ಉತ್ತಮ ತರಬೇತಿ ಶಾಲೆಯಾಯಿತು.

ಅದೇ ವರ್ಷ ಸ್ಯಾನ್ ಹುವಾನ್ ನಗರದ ಸಿಕ್ಸ್ಟೊ ಎಸ್ಕೊಬಾರ್ ಕ್ರೀಡಾಂಗಣದಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪ್ರತಿಭಾನ್ವೇಷಕ ಅಲ್ ಕಂಪಾನಿಸ್ ಯುವ ಆಟಗಾರರ ಪರೀಕ್ಷೆ ನಡೆಸಿದರು. ಅಲ್ಲಿ ನೆರೆದಿದ್ದ ಹತ್ತಾರು ಹುಡುಗರಲ್ಲಿ ಓಟ, ಎಸೆತ, ಹೊಡೆತ ಮೂರರಲ್ಲಿಯೂ ಅವರ ಗಮನ ಸೆಳೆದವರು ಕ್ಲೆಮೆಂಟೆ. ಆದರೆ ಅವರಿನ್ನೂ ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದುದರಿಂದ ಒಪ್ಪಂದ ಒಡನೆಯೇ ಆಗಲಿಲ್ಲ.

ಡಾಡ್ಜರ್ಸ್ ಒಪ್ಪಂದ ಮತ್ತು ಕೊಟ್ಟ ಮಾತು

1954ರ ಆರಂಭದ ವೇಳೆಗೆ ಮೇಜರ್ ಲೀಗ್‌ನ ಹಲವು ತಂಡಗಳು ಕ್ಲೆಮೆಂಟೆಯ ಮೇಲೆ ಕಣ್ಣಿಟ್ಟಿದ್ದವು. ಡಾಡ್ಜರ್ಸ್ ತಂಡವು 5,000 ಡಾಲರ್ ವಾರ್ಷಿಕ ಸಂಬಳ ಹಾಗೂ 10,000 ಡಾಲರ್ ಬೋನಸ್ ನೀಡಲು ಮುಂದೆ ಬಂದಿತು. ಕ್ಲೆಮೆಂಟೆ ಇದಕ್ಕೆ ಸಮ್ಮತಿಸಿದ ಮೇಲೆ ಮಿಲ್ವಾಕೀ ಬ್ರೇವ್ಸ್ ತಂಡವು ಇದರ ಎರಡು ಪಟ್ಟನ್ನೂ ಮೀರಿದ ಬೋನಸ್ಸಿನ ಆಸೆ ತೋರಿಸಿತು. ಆ ಮೊತ್ತವು 25,000ದಿಂದ 35,000 ಡಾಲರುಗಳ ನಡುವೆ ಇತ್ತೆಂದು ಬೇರೆ ಬೇರೆ ಬರಹಗಳು ಹೇಳುತ್ತವೆ. ಕಬ್ಬಿನ ತೋಟದ ದುಡಿಮೆಯನ್ನೇ ನಂಬಿದ್ದ ಕುಟುಂಬಕ್ಕೆ ಇದು ಸಣ್ಣ ಮೊತ್ತವಾಗಿರಲಿಲ್ಲ. ಕಾಗದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲವಾದ್ದರಿಂದ ಮನಸ್ಸು ಬದಲಿಸುವ ಅವಕಾಶವೂ ಇತ್ತು.

ಕ್ಲೆಮೆಂಟೆ ಈ ವಿಷಯವನ್ನು ಹೆತ್ತವರ ಮುಂದಿಟ್ಟರು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬುದು ತಾಯಿಯ ನಿಲುವಾಗಿತ್ತು. ಅದರಂತೆ 1954ರ ಫೆಬ್ರುವರಿ 19ರಂದು ಡಾಡ್ಜರ್ಸ್ ಒಪ್ಪಂದ ಅಂತಿಮಗೊಂಡಿತು. ಬ್ರೂಕ್ಲಿನ್ ಇರುವ ನ್ಯೂಯಾರ್ಕ್ ನಗರದಲ್ಲಿ ಪೋರ್ಟೊ ರಿಕೊ ಮೂಲದ ಜನರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದುದು ಹಾಗೂ ಕರಿಯ ಆಟಗಾರರಿಗೆ ಮೇಜರ್ ಲೀಗ್‌ನ ಬಾಗಿಲು ತೆರೆದ ತಂಡವೆಂಬ ಹೆಸರು ಡಾಡ್ಜರ್ಸ್‌ಗೆ ಇದ್ದುದೂ ಅವರನ್ನು ಆ ಕಡೆಗೆ ಸೆಳೆದ ಸಂಗತಿಗಳಾಗಿದ್ದವು.

ಬೋನಸ್ ನಿಯಮ

ಶ್ರೀಮಂತ ತಂಡಗಳು ಹಣದ ಬಲದಿಂದ ಎಲ್ಲ ಯುವ ಪ್ರತಿಭೆಗಳನ್ನೂ ಕೂಡಿಹಾಕಿಕೊಳ್ಳದಿರಲೆಂದು ಆಗ ಬೋನಸ್ ನಿಯಮವೊಂದು ಜಾರಿಯಲ್ಲಿತ್ತು. ಇದರಂತೆ 4,000 ಡಾಲರಿಗಿಂತ ಹೆಚ್ಚಿನ ಬೋನಸ್ ಪಡೆದ ಹೊಸ ಆಟಗಾರನನ್ನು ತಂಡವು ತನ್ನ ಮೇಜರ್ ಲೀಗ್ ಪಟ್ಟಿಯಲ್ಲಿಯೇ ಇರಿಸಿಕೊಳ್ಳಬೇಕಿತ್ತು. ಅವನನ್ನು ಕೆಳದರ್ಜೆಯ ಮೈನರ್ ಲೀಗ್‌ಗೆ ಕಳುಹಿಸಿದರೆ, ವರ್ಷಾಂತ್ಯದಲ್ಲಿ ನಡೆಯುವ ಡ್ರಾಫ್ಟ್‌ನಲ್ಲಿ ಬೇರೆ ಯಾವ ತಂಡವಾದರೂ ನಿಗದಿತ ಶುಲ್ಕ ತೆತ್ತು ಅವನನ್ನು ಪಡೆದುಕೊಳ್ಳಬಹುದಿತ್ತು. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು ಇರುತ್ತಿತ್ತು.

ಯುವ ಆಟಗಾರನ ದೃಷ್ಟಿಯಿಂದ ಈ ನಿಯಮವು ಇಬ್ಬಗೆಯ ಇಕ್ಕಟ್ಟನ್ನು ತಂದೊಡ್ಡುತ್ತಿತ್ತು. ದೊಡ್ಡ ಬೋನಸ್ ಪಡೆದು ಮೇಜರ್ ಲೀಗ್‌ನಲ್ಲಿ ಉಳಿದರೆ ಆಡುವ ಅವಕಾಶ ಸಿಗದೆ ಬೆಂಚಿನ ಮೇಲೆ ಕುಳಿತು ಕಾಲ ಕಳೆಯಬೇಕಾಗುತ್ತಿತ್ತು; ಕೆಳಗೆ ಹೋದರೆ ತಾನು ಆರಿಸಿಕೊಂಡ ತಂಡವೇ ಕೈತಪ್ಪಬಹುದಿತ್ತು. 1954ರ ಡಿಸೆಂಬರ್‌ನಲ್ಲಿ ಇದೇ ಡಾಡ್ಜರ್ಸ್ ತಂಡವನ್ನು ಬೋನಸ್ ಆಟಗಾರರಾಗಿ ಸೇರಿದ ಪಿಚರ್ ಸ್ಯಾಂಡಿ ಕೋಫಾಕ್ಸ್ ಮೊದಲನೆಯ ಬಗೆಗೆ ಉದಾಹರಣೆ. 1955ರ ಇಡೀ ಋತುವಿನಲ್ಲಿ ಅವರಿಗೆ ದೊರೆತದ್ದು ಕೇವಲ 12 ಪಂದ್ಯಗಳು. ಕ್ಲೆಮೆಂಟೆ ಎರಡನೆಯ ಬಗೆಗೆ ಸೇರಿದವರು.

ಮಾಂಟ್ರಿಯಲ್‌ನಲ್ಲಿ ಒಂದು ಋತು

ಡಾಡ್ಜರ್ಸ್ ತಂಡವು ಕ್ಲೆಮೆಂಟೆಯನ್ನು ಕೆನಡಾದಲ್ಲಿದ್ದ ತನ್ನ ಅಂಗಸಂಸ್ಥೆಯಾದ ಮಾಂಟ್ರಿಯಲ್ ರಾಯಲ್ಸ್ ತಂಡಕ್ಕೆ ಕಳುಹಿಸಿತು. ಫ್ರೆಂಚ್ ಮತ್ತು ಇಂಗ್ಲಿಷ್ ಮಾತಾಡುವ ನಗರದಲ್ಲಿ ಸ್ಪ್ಯಾನಿಷ್ ಭಾಷಿಕರಾದ ಕ್ಲೆಮೆಂಟೆಗೆ ದಿನಗಳನ್ನು ಕಳೆಯುವುದು ಸುಲಭವಾಗಿರಲಿಲ್ಲ. ಅಲ್ಲಿ ಅವರು ಆಡಿದ್ದು 87 ಪಂದ್ಯಗಳು. ಹಲವು ಪಂದ್ಯಗಳಲ್ಲಿ ಅಲ್ಪಕಾಲ ಮಾತ್ರ ಕಣಕ್ಕಿಳಿದರು. ಬ್ಯಾಟಿಂಗ್ ಸರಾಸರಿ 0.257. ಬೇಸ್‌ಬಾಲ್‌ನಲ್ಲಿ ಸರಾಸರಿಯೆಂದರೆ ಬ್ಯಾಟಿಂಗ್ ಅವಕಾಶಗಳಲ್ಲಿ ಎಷ್ಟು ಪಾಲು ಹಿಟ್ ಆದುವೆಂಬ ಲೆಕ್ಕ, 0.300 ದಾಟಿದವರನ್ನು ಉತ್ತಮ ಬ್ಯಾಟರ್‌ಗಳೆಂದು ಪರಿಗಣಿಸಲಾಗುತ್ತದೆ.

ಇತರ ತಂಡಗಳ ಕಣ್ಣಿಗೆ ಬೀಳದಿರಲೆಂದೇ ಡಾಡ್ಜರ್ಸ್ ಅವರನ್ನು ಮರೆಯಲ್ಲಿರಿಸಿತ್ತೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಆ ಋತುವಿನ ಪಂದ್ಯಗಳ ವಿವರಗಳನ್ನು ಪರಿಶೀಲಿಸಿದ ಸಂಶೋಧಕರು ಇದನ್ನು ಪ್ರಶ್ನಿಸಿದ್ದಾರೆ. ಎದುರಾಳಿ ತಂಡದಲ್ಲಿ ಎಡಗೈ ಪಿಚರ್ ಇದ್ದಾಗ ಬಲಗೈ ಬ್ಯಾಟರ್ ಆದ ಕ್ಲೆಮೆಂಟೆಗೆ ಅವಕಾಶ ನೀಡುವ ರೂಢಿಯ ತಂತ್ರವೇ ಇದಕ್ಕೆ ಕಾರಣವೆಂಬುದು ಅವರ ವಾದ. ಡಾಡ್ಜರ್ಸ್ ಅಧಿಕಾರಿ ಬಝಿ ಬವಾಸಿ ನೀಡಿದ ವಿವರಣೆಯ ಪ್ರಕಾರ, ವಿಲ್ಲಿ ಮೇಸ್ ಇದ್ದ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಕ್ಲೆಮೆಂಟೆ ದೊರೆಯದಂತೆ ತಡೆಯುವುದೂ ಆ ಒಪ್ಪಂದದ ಉದ್ದೇಶವಾಗಿತ್ತು.

1954ರ ಡ್ರಾಫ್ಟ್

ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಮುಖ್ಯ ವ್ಯವಸ್ಥಾಪಕರಾಗಿದ್ದ ಬ್ರಾಂಚ್ ರಿಕಿ ಹಿಂದೆ ಡಾಡ್ಜರ್ಸ್ ತಂಡವನ್ನು ನಡೆಸಿ, ಜಾಕಿ ರಾಬಿನ್‌ಸನ್ ಅವರನ್ನು ಮೇಜರ್ ಲೀಗ್‌ಗೆ ತಂದವರು. ಅವರ ಪ್ರತಿಭಾನ್ವೇಷಕ ಕ್ಲೈಡ್ ಸುಕ್‌ಫೋರ್ತ್ 1954ರಲ್ಲಿ ಮಾಂಟ್ರಿಯಲ್ ತಂಡದ ಪಿಚರ್ ಜೋ ಬ್ಲ್ಯಾಕ್ ಅವರನ್ನು ನೋಡಲು ಹೋಗಿದ್ದಾಗ, ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಕ್ಲೆಮೆಂಟೆಯ ಎಸೆತವನ್ನೂ ಹೊಡೆತವನ್ನೂ ಕಂಡು ಬೆರಗಾದರು. ಪಂದ್ಯಗಳಲ್ಲಿ ಕಡಿಮೆ ಆಡಿಸಿದ್ದರೂ ಅಭ್ಯಾಸದಲ್ಲಿ ಪ್ರತಿಭೆ ಅಡಗಿರಲಿಲ್ಲ.

1954ರಲ್ಲಿ ಪೈರೇಟ್ಸ್ ನ್ಯಾಷನಲ್ ಲೀಗ್‌ನ ಕೊನೆಯ ಸ್ಥಾನದಲ್ಲಿತ್ತು. ಹಾಗಾಗಿ ನವೆಂಬರ್ 22ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅದರದಾಯಿತು. 4,000 ಡಾಲರ್ ಶುಲ್ಕ ತೆತ್ತು ಅದು ಕ್ಲೆಮೆಂಟೆಯನ್ನು ಪಡೆಯಿತು. ಡಾಡ್ಜರ್ಸ್ ತಂಡಕ್ಕಾಗಿ ದೊಡ್ಡ ಮೊತ್ತವನ್ನು ಬಿಟ್ಟುಕೊಟ್ಟಿದ್ದ ಕ್ಲೆಮೆಂಟೆ ಆ ತಂಡದ ಪರವಾಗಿ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಈ ವರ್ಗಾವಣೆಗೆ ಅವರ ಒಪ್ಪಿಗೆ ಬೇಕಿರಲಿಲ್ಲ. ಇದರಿಂದ ಅವರಿಗೆ ಹೊಸ ಬೋನಸ್ಸೂ ದೊರೆಯಲಿಲ್ಲ.

ಪಿಟ್ಸ್‌ಬರ್ಗ್‌ನ ವರ್ಷಗಳು

ಡ್ರಾಫ್ಟ್‌ನ ಬಳಿಕ ಚಳಿಗಾಲದಲ್ಲಿ ಸ್ಯಾಂಟುರ್ಸೆ ತಂಡದಲ್ಲಿ ವಿಲ್ಲಿ ಮೇಸ್ ಜೊತೆಗೆ ಆಡಿದ ಕ್ಲೆಮೆಂಟೆ, ಆ ತಂಡ 1955ರ ಕೆರಿಬಿಯನ್ ಸರಣಿಯನ್ನು ಗೆಲ್ಲುವಲ್ಲಿ ಪಾಲ್ಗೊಂಡರು. ಅದೇ ಚಳಿಗಾಲದ ಕಾರು ಅಪಘಾತವೊಂದರಲ್ಲಿ ಅವರ ಬೆನ್ನಿಗೆ ಪೆಟ್ಟಾಗಿ, ಆ ನೋವು ಅವರನ್ನು ವರ್ಷಗಟ್ಟಲೆ ಕಾಡಿತು.

1955ರ ಏಪ್ರಿಲ್ 17ರಂದು ಕ್ಲೆಮೆಂಟೆ ಮೇಜರ್ ಲೀಗ್‌ನಲ್ಲಿ ಪದಾರ್ಪಣೆ ಮಾಡಿದರು. ಎದುರಾಳಿ ತಂಡ ಬ್ರೂಕ್ಲಿನ್ ಡಾಡ್ಜರ್ಸ್ ಆಗಿತ್ತು. ಮೊದಲ ಋತುವಿನ ಸರಾಸರಿ 0.255. ತಂಡ ಮತ್ತೆ ಕೊನೆಯ ಸ್ಥಾನದಲ್ಲಿ ಉಳಿಯಿತು. ಬಲಿಷ್ಠ ಆಟಗಾರರಿಂದ ತುಂಬಿದ್ದ ಡಾಡ್ಜರ್ಸ್‌ನಲ್ಲಿ ದೊರೆಯುವುದು ಕಷ್ಟವಾಗಿದ್ದ ನಿಯಮಿತ ಆಟದ ಅವಕಾಶ ಈ ದುರ್ಬಲ ತಂಡದಲ್ಲಿ ಅವರಿಗೆ ದೊರೆಯಿತು. ಆದರೆ ವರ್ಣಭೇದದ ಕಹಿಯೂ ಜೊತೆಗಿತ್ತು. ಫ್ಲಾರಿಡಾದ ತರಬೇತಿ ಶಿಬಿರದಲ್ಲಿ ಕರಿಯ ಆಟಗಾರರು ಬೇರೆಯಾಗಿ ತಂಗಬೇಕಿತ್ತು. ಪತ್ರಿಕೆಗಳು ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಹಾಸ್ಯಕ್ಕೆ ಬಳಸಿದವು. ಅವರ ಹೆಸರನ್ನು ಬಾಬ್ ಎಂದು ಬದಲಿಸಿ ಬರೆದವು.

1960ರಲ್ಲಿ ಪೈರೇಟ್ಸ್ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಏಳೂ ಪಂದ್ಯಗಳಲ್ಲಿ ಕ್ಲೆಮೆಂಟೆ ಹಿಟ್ ಗಳಿಸಿದರು. 1961, 1964, 1965 ಹಾಗೂ 1967ರಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಲೀಗ್‌ಗೆ ಮೊದಲಿಗರಾದರು. 1966ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. 1961ರಿಂದ ಸತತ 12 ವರ್ಷ ಕ್ಷೇತ್ರರಕ್ಷಣೆಗಾಗಿ ಗೋಲ್ಡ್ ಗ್ಲೌವ್ ಪ್ರಶಸ್ತಿ ಇವರದಾಯಿತು. 1971ರ ವರ್ಲ್ಡ್ ಸೀರೀಸ್‌ನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧ 0.414 ಸರಾಸರಿಯೊಂದಿಗೆ ಸರಣಿಶ್ರೇಷ್ಠರಾದರು. 1972ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಮೆಟ್ಸ್ ತಂಡದ ಜಾನ್ ಮ್ಯಾಟ್ಲಾಕ್ ಅವರ ಎಸೆತದಲ್ಲಿ 3,000ನೆಯ ಹಿಟ್ ಗಳಿಸಿದರು. ಅವರ ವೃತ್ತಿಜೀವನದ ಸರಾಸರಿ 0.317.

ಆಟಗಾರರ ಹಕ್ಕುಗಳು

ಆ ಕಾಲದ ಪ್ರತಿ ಒಪ್ಪಂದದಲ್ಲಿಯೂ ಮೀಸಲು ನಿಬಂಧನೆ ಎಂಬ ಷರತ್ತು ಇರುತ್ತಿತ್ತು. ಒಮ್ಮೆ ಸಹಿ ಮಾಡಿದ ಆಟಗಾರನನ್ನು ತಂಡವು ವರ್ಷವರ್ಷವೂ ತನ್ನಲ್ಲಿಯೇ ಉಳಿಸಿಕೊಳ್ಳಬಹುದಿತ್ತು, ಇಲ್ಲವೇ ಬೇರೆ ತಂಡಕ್ಕೆ ಮಾರಬಹುದಿತ್ತು. ಆಟಗಾರನಿಗೆ ಮಾತ್ರ ತಾನಾಗಿ ತಂಡ ಬದಲಿಸುವ ಹಕ್ಕಿರಲಿಲ್ಲ. ಹೀಗಾಗಿ ಹದಿಹರೆಯದಲ್ಲಿ ಮಾಡುವ ಮೊದಲ ಸಹಿಯೇ ಬಹುಪಾಲು ಆಟಗಾರರ ಪಾಲಿಗೆ ಜೀವಮಾನದ ಏಕೈಕ ಸ್ವತಂತ್ರ ನಿರ್ಧಾರವಾಗಿರುತ್ತಿತ್ತು.

1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಕರ್ಟ್ ಫ್ಲಡ್ ತಮ್ಮನ್ನು ಫಿಲಡೆಲ್ಫಿಯಾಕ್ಕೆ ವರ್ಗಾಯಿಸಿದ್ದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋಗಲು ನಿಶ್ಚಯಿಸಿದರು. ಆ ಡಿಸೆಂಬರ್‌ನಲ್ಲಿ ಸ್ಯಾನ್ ಹುವಾನ್‌ನಲ್ಲಿ ನಡೆದ ಆಟಗಾರರ ಸಂಘದ ಸಭೆಯಲ್ಲಿ ಪೈರೇಟ್ಸ್ ತಂಡದ ಪ್ರತಿನಿಧಿಯಾಗಿದ್ದ ಕ್ಲೆಮೆಂಟೆ ಫ್ಲಡ್ ಅವರನ್ನು ಬೆಂಬಲಿಸಿದರು. ಸಭೆಯು ಒಮ್ಮತದಿಂದ ನೆರವು ನೀಡಲು ತೀರ್ಮಾನಿಸಿತು. 1972ರಲ್ಲಿ ಸುಪ್ರೀಂ ಕೋರ್ಟ್ ಫ್ಲಡ್ ವಿರುದ್ಧ ತೀರ್ಪಿತ್ತಿತು. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆದಾರರ ತೀರ್ಪೊಂದು ಮೀಸಲು ನಿಬಂಧನೆಯ ಬಿಗಿಯನ್ನು ಮುರಿದಾಗ ಕ್ಲೆಮೆಂಟೆ ಜೀವಂತವಾಗಿರಲಿಲ್ಲ.

ಕುಟುಂಬ ಮತ್ತು ಮರಣ

ಕ್ಲೆಮೆಂಟೆ 1964ರ ನವೆಂಬರ್ 14ರಂದು ವೆರಾ ಸಬಾಲಾ ಅವರನ್ನು ವಿವಾಹವಾದರು. ದಂಪತಿಗೆ ಮೂವರು ಗಂಡುಮಕ್ಕಳು. 1972ರ ಡಿಸೆಂಬರ್ 23ರಂದು ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ ಭೀಕರ ಭೂಕಂಪವಾಯಿತು. ಕ್ಲೆಮೆಂಟೆ ಪೋರ್ಟೊ ರಿಕೊದಲ್ಲಿ ಪರಿಹಾರ ಸಾಮಗ್ರಿಗಳ ಸಂಗ್ರಹದ ನೇತೃತ್ವ ವಹಿಸಿದರು. ಕಳುಹಿಸಿದ ಸಾಮಗ್ರಿ ಸಂತ್ರಸ್ತರಿಗೆ ತಲುಪುತ್ತಿಲ್ಲವೆಂಬ ಸುದ್ದಿ ಬಂದುದರಿಂದ, ತಾವೇ ಜೊತೆಗೆ ಹೋಗಲು ಡಿಸೆಂಬರ್ 31ರ ರಾತ್ರಿ ವಿಮಾನವೇರಿದರು. ವಿಮಾನವು ಮೇಲೇರಿದ ಕೆಲವೇ ಕ್ಷಣಗಳಲ್ಲಿ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ ಐವರೂ ಮೃತರಾದರು. ಕ್ಲೆಮೆಂಟೆಯ ದೇಹ ದೊರೆಯಲಿಲ್ಲ. ಆಗ ಅವರಿಗೆ 38 ವರ್ಷ.

ಗೌರವ ಮತ್ತು ಪ್ರಭಾವ

ಐದು ವರ್ಷ ಕಾಯಬೇಕೆಂಬ ನಿಯಮವನ್ನು ಸಡಿಲಿಸಿ 1973ರಲ್ಲಿ ಕ್ಲೆಮೆಂಟೆಯನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ಅವರು ಧರಿಸುತ್ತಿದ್ದ 21ನೆಯ ಸಂಖ್ಯೆಯನ್ನು ಪೈರೇಟ್ಸ್ ತಂಡ ಬೇರೆ ಆಟಗಾರರಿಗೆ ನೀಡದಿರಲು ನಿರ್ಧರಿಸಿತು. ಸಮಾಜಸೇವೆಯಲ್ಲಿ ತೊಡಗಿದ ಆಟಗಾರರಿಗೆ ಮೇಜರ್ ಲೀಗ್ ಪ್ರತಿವರ್ಷ ನೀಡುವ ಪ್ರಶಸ್ತಿ ಅವರ ಹೆಸರಿನಲ್ಲಿದೆ.

ಬೋನಸ್ ನಿಯಮದ ಬದಲಿಗೆ 1965ರಲ್ಲಿ ಹವ್ಯಾಸಿ ಆಟಗಾರರ ಡ್ರಾಫ್ಟ್ ಆರಂಭವಾಯಿತು. ಅಲ್ಲಿಂದ ಮುಂದೆ ಅಮೆರಿಕದ ಯುವ ಆಟಗಾರರು ತಮ್ಮನ್ನು ಆರಿಸಿದ ಒಂದೇ ತಂಡದೊಡನೆ ಮಾತುಕತೆ ನಡೆಸುವಂತಾಯಿತು. ಮೊದಲಿಗೆ ಇದರಿಂದ ಹೊರಗಿದ್ದ ಪೋರ್ಟೊ ರಿಕೊದ ಆಟಗಾರರೂ ಬಳಿಕ ಇದರ ವ್ಯಾಪ್ತಿಗೆ ಸೇರಿದರು. 2012ರ ಡ್ರಾಫ್ಟ್‌ನಲ್ಲಿ ಪೋರ್ಟೊ ರಿಕೊದ ಕಾರ್ಲೊಸ್ ಕೊರೆಯಾ ಅವರನ್ನು ಹ್ಯೂಸ್ಟನ್ ಆಸ್ಟ್ರೋಸ್ ಮೊದಲ ಆಯ್ಕೆಯಾಗಿ ಪಡೆಯಿತು. ಅವರಿಗೆ ದೊರೆತ ಬೋನಸ್ 48 ಲಕ್ಷ ಡಾಲರ್. 1954ರಲ್ಲಿ ಇದೇ ದ್ವೀಪದ ಯುವಕನೊಬ್ಬ ಡ್ರಾಫ್ಟ್‌ನ ಮೊದಲ ಆಯ್ಕೆಯಾದಾಗ ಪಿಟ್ಸ್‌ಬರ್ಗ್ ತೆತ್ತ 4,000 ಡಾಲರ್ ಸೇರಿದ್ದು ಹಿಂದಿನ ತಂಡಕ್ಕೆ, ಆಟಗಾರನಿಗಲ್ಲ.