ಬಿಯಾಟ್ರಿಸ್ ವೆಬ್: ಕಡಿಮೆ ಕೂಲಿಯ ಲೆಕ್ಕ ಬಿಡಿಸಿದ ಮಹಿಳೆ

ದುಡಿಯುವವರಿಗೆ ಹೊಟ್ಟೆ ತುಂಬುವಷ್ಟು ಕೂಲಿ ದೊರೆಯದಿದ್ದರೆ ಉಳಿದ ಖರ್ಚನ್ನು ಯಾರು ಭರಿಸುತ್ತಾರೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಇಂಗ್ಲೆಂಡಿನ ಬಿಯಾಟ್ರಿಸ್ ವೆಬ್.

ಅವರು 1858ರ ಜನವರಿ 22ರಂದು ಶ್ರೀಮಂತ ಮನೆತನದಲ್ಲಿ ಜನಿಸಿದರು. ತಂದೆ ರಿಚರ್ಡ್ ಪಾಟರ್ ರೈಲ್ವೆ ಕಂಪೆನಿಗಳನ್ನು ನಡೆಸಿದ ದೊಡ್ಡ ಉದ್ಯಮಿ. ಒಂಬತ್ತು ಹೆಣ್ಣುಮಕ್ಕಳಲ್ಲಿ ಇವರು ಎಂಟನೆಯವರು. ಚಾರ್ಲ್ಸ್ ಬೂತ್ ಅವರು ಲಂಡನಿನ ಬಡತನದ ಸಮೀಕ್ಷೆ ಕೈಗೊಂಡಾಗ ಇವರೂ ಜತೆಗೂಡಿದರು. ಗುರುತು ಮರೆಸಿಕೊಂಡು ಪೂರ್ವ ಲಂಡನಿನ ದರ್ಜಿಗಳಲ್ಲಿ ಷರಾಯಿ ಹೊಲಿಯುವ ಕೂಲಿಯಾಗಿ ದುಡಿದರು. ಅಲ್ಲಿ ಕಂಡದ್ದನ್ನು 1888ರಲ್ಲಿ ಬರೆದು ಪ್ರಕಟಿಸಿದರು.

1892ರಲ್ಲಿ ಸಿಡ್ನಿ ವೆಬ್ ಅವರನ್ನು ವರಿಸಿದರು. ದಂಪತಿಗಳು 1897ರಲ್ಲಿ ಹೊರತಂದ 'ಇಂಡಸ್ಟ್ರಿಯಲ್ ಡೆಮಾಕ್ರಸಿ' ಗ್ರಂಥದಲ್ಲಿ ಆ ಪ್ರಶ್ನೆಗೆ ಉತ್ತರವಿದೆ. ಜೀವನಕ್ಕೆ ಸಾಲದ ಕೂಲಿ ಕೊಡುವ ಉದ್ಯಮವು ಮಾವಿನ ಮರಕ್ಕೆ ಹತ್ತಿದ ಬಂದಳಿಕೆಯಂತೆ. ಕೂಲಿಯ ಕೊರತೆಯನ್ನು ತಂದೆಯೋ ಗಂಡನೋ ಧರ್ಮಸಂಸ್ಥೆಯೋ ಸರಕಾರವೋ ತುಂಬಿಕೊಡಬೇಕಾಗುತ್ತದೆ. ಹೆಸರಿಗೆ ಅದು ಬಡವರಿಗೆ ಸಂದ ನೆರವು. ನಿಜದಲ್ಲಿ ಧಣಿಗೆ ದೊರೆತ ಸಹಾಯಧನ. ಇದರಿಂದ ನ್ಯಾಯವಾದ ಕೂಲಿ ಕೊಡುವ ಉದ್ಯಮಿಯೇ ಪೈಪೋಟಿಯಲ್ಲಿ ಸೋಲುತ್ತಾನೆ. ಆದುದರಿಂದ ಕಾನೂನೇ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಬೇಕೆಂಬುದು ಅವರ ವಾದ.

1905ರಲ್ಲಿ ನೇಮಕವಾದ ಬಡವರ ಕಾನೂನಿನ ಆಯೋಗಕ್ಕೆ ಬಿಯಾಟ್ರಿಸ್ ಸದಸ್ಯರಾದರು. ಬಹುಮತದ ಅಭಿಪ್ರಾಯ ಒಪ್ಪದೆ 1909ರಲ್ಲಿ ಮೂವರು ಸಹಸದಸ್ಯರೊಡನೆ ಬೇರೆಯೇ ವರದಿ ಕೊಟ್ಟರು. ಬಡತನ ಬಂದ ಮೇಲೆ ಕೈ ನೀಡುವುದಕ್ಕಿಂತ ಅದು ಬಾರದಂತೆ ತಡೆಯುವುದೇ ಲೇಸು ಎಂಬುದು ಅದರ ತಿರುಳು. ಸರಕಾರ ಅದನ್ನು ಅಂಗೀಕರಿಸಲಿಲ್ಲ. ಆದರೆ ಅದೇ ವರ್ಷ ಸಿದ್ಧ ಉಡುಪು, ಕಾಗದದ ಪೆಟ್ಟಿಗೆ, ಲೇಸು ಮತ್ತು ಸರಪಣಿ ತಯಾರಿಕೆಗೆ ಕನಿಷ್ಠ ಕೂಲಿ ನಿಗದಿಪಡಿಸುವ ಮಂಡಳಿಗಳ ಕಾಯಿದೆ ಬಂತು. ಬಿಯಾಟ್ರಿಸ್ 1943ರ ಏಪ್ರಿಲ್ 30ರಂದು ತೀರಿಕೊಂಡರು. ಹಳೆಯ ಬಡವರ ಕಾನೂನು ಪೂರ್ತಿ ರದ್ದಾದದ್ದು 1948ರಲ್ಲಿ.

ವೆಬ್ ದಂಪತಿಗಳು ಇತರರೊಡನೆ 1895ರಲ್ಲಿ ಸ್ಥಾಪಿಸಿದ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿಯೇ ಡಾ. ಅಂಬೇಡ್ಕರರು ಓದಿದರು. ಅವರು 1946ರಲ್ಲಿ ಕನಿಷ್ಠ ಕೂಲಿ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು. 1948ರಲ್ಲಿ ಕಾಯಿದೆಯಾದಾಗ ಅದರ ಪಟ್ಟಿಯಲ್ಲಿ ಬೀಡಿ ಕೆಲಸವೂ ಇತ್ತು.

ತಾಯಿ ಬೀಡಿ ಕಟ್ಟಿ ತಂದ ದುಡ್ಡಿನಿಂದ ಪುಸ್ತಕ ಕೊಂಡ ಮಕ್ಕಳಿಗೆ ನಾವು ಪಾಠ ಹೇಳಿದ್ದೇವೆ. ಪಡಿತರದ ಸಾಲಿನಲ್ಲಿ ನಿಂತ ಅಂಥವರನ್ನು ಹಂಗಿಸುವವರನ್ನೂ ಕಂಡಿದ್ದೇವೆ. ಅವರಿಗೆ ಸಲ್ಲಬೇಕಾಗಿದ್ದ ಕೂಲಿ ಯಾರ ಗಲ್ಲಾಪೆಟ್ಟಿಗೆಯಲ್ಲಿ ಉಳಿಯಿತೆಂದು ನಾವು ಮೊದಲು ಕೇಳಬೇಡವೇ?